ಕೈಲಾಸದ ಉತಾರ ಯಾರ ಹೆಸರಿಗಿದೆ?

ಸವಡಿಯ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಶ್ರದ್ಧಾಂಜಲಿ ಫ್ಲೆಕ್ಸು. ರೋಣ, ನರಗುಂದ, ಗಜೇಂದ್ರಗಡದ ಕಡೆ ಯಾವ ಊರಿನ ಅಗಸಿಗೆ ಹೋದರೂ ಇಂಥದೊಂದು ಸಿಗುತ್ತದೆ. ನಡುವೆ ತೀರಿಕೊಂಡ ಹಿರಿಯರ ಫೋಟೋ, ಆಧಾರ್ ಕಾರ್ಡಿನಿಂದ ಎತ್ತಿದ್ದು. ಸುತ್ತಲೂ ದುಃಖತಪ್ತರ ಫೋಟೋ. ದುಃಖತಪ್ತರು ಕೂಲಿಂಗ್ ಗ್ಲಾಸ್ ಹಾಕಿಕೊಂಡು ನಗುತ್ತಿದ್ದಾರೆ.

ಮೇಲೆ ‘ಲಿಂಗೈಕ್ಯ’ ಎಂದಿದೆ. ಅದರ ಕೆಳಗೆ ‘ಸ್ವರ್ಗಸ್ಥರಾದ ನಿಮಗೆ’. ಇನ್ನೂ ಕೆಳಗೆ ‘ಆತ್ಮಕ್ಕೆ ಚಿರಶಾಂತಿ ಸಿಗಲಿ’. ಕೊನೆಗೆ ಕೆಂಪು ದಪ್ಪ ಅಕ್ಷರದಲ್ಲಿ ‘ಮತ್ತೆ ಹುಟ್ಟಿ ಬನ್ನಿ’.

ಒಬ್ಬ ಮನುಷ್ಯ, ನಾಲ್ಕು ವಿಳಾಸ.

ಲಿಂಗದಲ್ಲಿ ಒಂದಾದವರು ಸ್ವರ್ಗಕ್ಕೆ ಯಾವಾಗ ಹೋದರು? ಸ್ವರ್ಗಕ್ಕೇ ಹೋಗಿದ್ದರೆ ಶಾಂತಿ ಯಾಕೆ ಬೇಡಬೇಕು, ಅಲ್ಲೂ ಗದ್ದಲವೇ? ಚಿರಶಾಂತಿ ಸಿಕ್ಕಿದ ಮೇಲೆ ಮತ್ತೆ ಹುಟ್ಟಿ ಬಾ ಅಂತ ಕರೆಯುವ ಕ್ರೌರ್ಯ ಯಾಕೆ? ಎಲ್ಲಿಗೆ? ಈ ರಸ್ತೆಗೆ? ಈ ಬರಗಾಲಕ್ಕೆ? ಉಳ್ಳಾಗಡ್ಡಿ ರೇಟು ಬಿದ್ದ ವರ್ಷಕ್ಕೆ?

ಇದನ್ನು ಕೇಳಬಾರದು. ಕೇಳಿದರೆ ‘ನಂಬಿಕೆಯ ವಿಷಯ’ ಅನ್ನುತ್ತಾರೆ.

ಅಂದಹಾಗೆ, ಪ್ಲಾಸ್ಟಿಕ್ ಫ್ಲೆಕ್ಸಿಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧ. ಸತ್ತವರಿಗೆ ಗೌರವ ಕೊಡಲು ಬದುಕಿದವರು ಕಾನೂನು ಮುರಿಯಬೇಕು, ಪಂಚಾಯ್ತಿ ಅದರ ಕೆಳಗೇ ನಿಂತು ಚಹಾ ಕುಡಿಯಬೇಕು. ಹದಿನೈದು ದಿನಕ್ಕೆ ಫ್ಲೆಕ್ಸು ಇಳಿಯುತ್ತದೆ. ಇಳಿದು ಉಳ್ಳಾಗಡ್ಡಿ ರಾಶಿಯ ಮೇಲೆ ಹೋಗಿ ಕೂರುತ್ತದೆ. ಹಿರಿಯರು ಮಳೆಗಾಲ ಪೂರ್ತಿ ಬೋರಲಾಗಿ ಮಲಗಿ ಮಗನ ಮಾಲು ಕಾಯುತ್ತಾರೆ. ಆತ್ಮ ಅಮರವೋ ಅಲ್ಲವೋ, ಫ್ಲೆಕ್ಸಂತೂ ಅಮರ.

ನನ್ನ ತಕರಾರು ಸಣ್ಣದು. ನೀವು ಪರಲೋಕವನ್ನು ನಂಬುತ್ತೀರಿ ಅಂತ ನಾನು ಸಿಟ್ಟಾಗಿಲ್ಲ. ನಂಬುವುದೇ ಇಲ್ಲ ಅಂತ ಸಿಟ್ಟು.

ನಿಜವಾಗಿ ನಂಬುವವನು ಹೇಗಿರಬೇಕು? ಮೇಲೆ ಒಬ್ಬ ಲೆಕ್ಕ ಬರೆಯುತ್ತಿದ್ದಾನೆ ಅಂತ ಖಾತ್ರಿ ಇದ್ದವನು ತೂಕದಲ್ಲಿ ಮೋಸ ಮಾಡುತ್ತಾನೆಯೇ? ದಾಯಾದಿಯ ಬದುವನ್ನು ವರ್ಷಕ್ಕೊಂದು ಗೇಣು ಸರಿಸುತ್ತಾನೆಯೇ? ತಾಯಿಯನ್ನು ಕೊಟ್ಟಿಗೆಯ ಪಕ್ಕ ಮಲಗಿಸುತ್ತಾನೆಯೇ? ನರಕದ ಎಣ್ಣೆ ಕೊಪ್ಪರಿಗೆಯನ್ನು ಬಾಯಿತುಂಬ ಬಣ್ಣಿಸುತ್ತಾರೆ. ಅದಕ್ಕೆ ಹೆದರಿ ನೂರಕ್ಕೆ ಮೂರರ ಬಡ್ಡಿಯನ್ನು ಎರಡಕ್ಕೆ ಇಳಿಸಿದ ಒಬ್ಬ ಸಾಹುಕಾರನನ್ನು ನನಗೆ ತೋರಿಸಿ. ಯಮನಿಗೆ ಇಲ್ಲಿ ಯಾರೂ ಹೆದರುವುದಿಲ್ಲ. ಹೆದರುವುದು ಬೀಗರಿಗೆ.

ಒಂದು ಮನೆ ನೋಡೋಣ. ಯಾರ ಮನೆ ಅಂತ ಕೇಳಬೇಡಿ, ನಿಮ್ಮ ಓಣಿಯಲ್ಲೇ ಇದೆ.

ಮುದುಕಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಪೊರೆ ತೆಗೆಯಲು ಸರಕಾರಿ ಆಸ್ಪತ್ರೆಯಲ್ಲಿ ರೊಕ್ಕ ಕೇಳುವುದಿಲ್ಲ. ಗದಗಿಗೆ ಒಮ್ಮೆ ಕರೆದುಕೊಂಡು ಹೋಗಬೇಕು, ಅಷ್ಟೇ. ಮೂವರು ಗಂಡುಮಕ್ಕಳು. ಒಬ್ಬನಿಗೂ ಒಂದು ದಿನ ಪುರುಸೊತ್ತಿಲ್ಲ. ‘ಈ ವಯಸ್ಸಿನಾಗ ಇನ್ನೇನ್ ನೋಡೂದೈತಿ ಬೇ ಯವ್ವಾ?’ ಅಂದರು. ಮುದುಕಿ ಗೋಡೆ ಹಿಡಿದು ಬಚ್ಚಲಿಗೆ ಹೋದಳು, ಗೋಡೆ ಹಿಡಿದು ಬಂದಳು.

ಒಂದು ದಿನ ತೀರಿಕೊಂಡಳು. ಮೂವರಿಗೂ ಹನ್ನೊಂದು ದಿನ ಪುರುಸೊತ್ತು ಸಿಕ್ಕಿತು.

ಎಡೆಗೆ ಹೊಸ ಇಳಕಲ್ ಸೀರೆ ಇಟ್ಟರು. ಬದುಕಿದ್ದಾಗ ಉಟ್ಟದ್ದು ಸೊಸೆಯಂದಿರು ಉಟ್ಟು ಬಿಟ್ಟದ್ದು. ಕರಿಗಡುಬು ಇಟ್ಟರು, ಅವಳಿಗೆ ಭಾಳ ಸೇರುತ್ತಿತ್ತಂತೆ. ಬದುಕಿದ್ದಾಗ ‘ಸಕ್ರಿ ಬ್ಯಾನಿ ಐತಿ, ಬ್ಯಾಡ’ ಅಂದಿದ್ದರು. ಸತ್ತ ಮೇಲೆ ಶುಗರ್ ನಾರ್ಮಲ್ ಬಂತು. ಫೋಟೋದ ಮುಂದೆ ಚಸಮಾ ಕೂಡ ಇಟ್ಟಿದ್ದರು. ಯಾವ ಚಸಮಾ ಅಂತ ನನಗೂ ತಿಳಿಯಲಿಲ್ಲ.

ಕಾಗೆ ಬರಲಿಲ್ಲ.

ಗಂಡಸರೆಲ್ಲ ಆಕಾಶ ನೋಡುತ್ತ ನಿಂತರು. ಹಿರಿಯರೊಬ್ಬರು ತೀರ್ಪು ಕೊಟ್ಟರು: ‘ಮುದುಕಿಗೆ ಏನೋ ಆಸೆ ಉಳದೈತಿ.’ ಆಸೆ ಯಾವುದು ಅಂತ ಇಡೀ ಓಣಿಗೆ ಗೊತ್ತು. ಗದಗಿನ ದಾರಿ ಅದು. ದೊಡ್ಡ ಮಗ ಕೈಮುಗಿದು ಕಾಗೆಗೆ ಹೇಳಿದ: ‘ತಂಗೀನ್ನ ಚೆಂದಂಗ ನೋಡ್ಕೋತೀವಿ, ತಿನ್ನಬೇ ಯವ್ವಾ.’ ತಂಗಿಯ ಪಾಲಿನ ಹೊಲದ ಮೇಲೆ ಕೋರ್ಟಿನಲ್ಲಿ ಕೇಸು ನಡೆಸುತ್ತಿರುವವನೂ ಇವನೇ. ಕಾಗೆ ಇದನ್ನು ನಂಬಿತೋ ಹಸಿವು ತಾಳಲಾರದೆ ಬಂತೋ, ಕೊನೆಗೆ ಒಂದು ತುತ್ತು ಎತ್ತಿತು. ಎಲ್ಲರೂ ಉಸಿರು ಬಿಟ್ಟು ಊಟಕ್ಕೆ ನಡೆದರು.

ಊಟ ಅಂದರೆ ಊಟ. ಕಾರ್ಡಿನಲ್ಲಿ ಅದಕ್ಕೆ ‘ಶಿವಗಣಾರಾಧನೆ’ ಅಂತ ಹೆಸರು. ಶಿವಗಣಗಳು ಬೈಕಿನ ಮೇಲೆ ಬಂದಿದ್ದವು. ಗೋಧಿ ಹುಗ್ಗಿ, ತುಪ್ಪ, ಬದನೆಕಾಯಿ ಪಲ್ಯ, ಅನ್ನ, ಸಾರು. ಸಾವಿರ ಎಲೆ. ಈ ಸಾವಿರ ಎಲೆಯ ಸಾಲ ಯಾವ ಜನ್ಮದಲ್ಲಿ ತೀರುತ್ತದೆ ಅಂತ ಮಗ ಲೆಕ್ಕ ಹಾಕುತ್ತಿದ್ದಾನೆ. ಪಂಕ್ತಿಯಲ್ಲಿ ಕೂತವನು ಪಕ್ಕದವನಿಗೆ ಹೇಳುತ್ತಾನೆ:

‘ಹುಗ್ಗಿ ತಿಳುವಾತಲ್ರೀ.’

‘ಹೌದ್ರಿ. ಮುದುಕಿ ಮಾತ್ರ ಗಟ್ಟಿ ಇದ್ಳು.’

ಇದೇ ಮರಣದ ಬಗ್ಗೆ ನಮ್ಮ ಸಮಾಜದ ತತ್ವಚಿಂತನೆ. ಇದಕ್ಕಿಂತ ಆಳಕ್ಕೆ ಯಾರೂ ಇಳಿದದ್ದನ್ನು ನಾನು ನೋಡಿಲ್ಲ.

ತಾಯಿತಂದೆಯರೇ ದೇವರು ಅಂತ ಗೋಡೆಗೋಡೆಗೆ ಬರೆಸಿಕೊಂಡ ದೇಶ 2007ರಲ್ಲಿ ಒಂದು ಕಾಯ್ದೆ ಮಾಡಬೇಕಾಯಿತು. ಹೆತ್ತವರನ್ನು ಬೀದಿಗೆ ಬಿಟ್ಟವರಿಗೆ ಮೂರು ತಿಂಗಳ ಜೈಲು ಅಥವಾ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಜೀವನಾಂಶಕ್ಕೆ ತಿಂಗಳಿಗೆ 10,000 ರೂಪಾಯಿ ಮೀರಬಾರದು ಅಂತ ಮಿತಿ. ಉಪವಿಭಾಗಾಧಿಕಾರಿಯ ಮುಂದೆ ಮುದುಕರು ಅರ್ಜಿ ಹಿಡಿದು ನಿಲ್ಲುತ್ತಾರೆ. ತಿಥಿಗೆ ಮಾತ್ರ ಯಾವ ಕಾಯ್ದೆಯೂ ಬೇಕಾಗಿಲ್ಲ. ಅದನ್ನು ಮಕ್ಕಳು ತಾವಾಗಿಯೇ ಮಾಡುತ್ತಾರೆ. ಬದುಕಿದ್ದಾಗ ಹಾಕಿದ ಅನ್ನ ಬೀಗರ ಕಣ್ಣಿಗೆ ಬೀಳುವುದಿಲ್ಲವಲ್ಲ.

‘ತಿಥಿ’ ಅಂತ ಒಂದು ಸಿನಿಮಾ ಬಂತು. ಮಂಡ್ಯ ಸೀಮೆಯ ಕಥೆ, ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಹನ್ನೊಂದನೇ ದಿನದ ಊಟದ ಗಡಿಬಿಡಿಯ ನಡುವೆ ಮೊಮ್ಮಗ ಜಮೀನು ಮಾರಲು ಓಡಾಡುತ್ತಾನೆ. ಅಡ್ಡ ಬರುವ ಅಪ್ಪ ಇನ್ನೂ ಜೀವಂತ. ಅದಕ್ಕೇನು, ಅಪ್ಪನ ಹೆಸರಿನಲ್ಲಿ ಸುಳ್ಳು ಮರಣ ಪ್ರಮಾಣಪತ್ರ ಮಾಡಿಸುತ್ತಾನೆ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಕೊಟ್ಟು ಎಂಥ ಕಲ್ಪನೆ ಅಂದರು. ಕಲ್ಪನೆಯಂತೆ! ನಮ್ಮ ನಾಡಕಚೇರಿಯ ಮುಂದಿನ ಚಹಾ ಅಂಗಡಿಯಲ್ಲಿ ಅರ್ಧ ತಾಸು ಕೂತಿದ್ದರೆ ಆ ಪ್ರಶಸ್ತಿಯನ್ನು ಅಂಗಡಿಯವನಿಗೇ ಕೊಟ್ಟು ಹೋಗುತ್ತಿದ್ದರು. ಮೂರನೇ ದಿನ ಸಮಾಧಿಗೆ ಹಾಲು ತುಪ್ಪ ಎರೆಯುವವರ ಜೇಬಿನಲ್ಲಿ ವಾರಸಾ ಅರ್ಜಿ ಮಡಚಿಟ್ಟಿರುತ್ತದೆ.

ಇದು ಯಾವ ನೆಲ ಅಂತ ನೆನಪಿರಲಿ. ಕೂಡಲಸಂಗಮ ನಮಗೆ ದೂರದ ಊರಲ್ಲ. ಸ್ವರ್ಗ ನರಕ ಬೇರೆಲ್ಲೋ ಇಲ್ಲ, ನಿನ್ನ ನಾಲಗೆಯ ಮೇಲೆ, ನಿನ್ನ ನಡತೆಯಲ್ಲಿ ಇದೆ ಅಂತ ಹನ್ನೆರಡನೇ ಶತಮಾನದಲ್ಲೇ ಹೇಳಿಬಿಟ್ಟ ಶರಣರ ಸೀಮೆ ಇದು. ಪಿಂಡ ಬೇಡ ಅಂದರು. ಮುಹೂರ್ತ ಬೇಡ ಅಂದರು. ಸೂತಕ ಐದೂ ಸುಳ್ಳು ಅಂದರು, ಅದರಲ್ಲಿ ಸಾವಿನ ಸೂತಕವೂ ಒಂದು. ಸಾವನ್ನು ಹಬ್ಬ ಅಂದರು.

ನಾವು ಹಬ್ಬದ ಊಟವನ್ನಷ್ಟೇ ಉಳಿಸಿಕೊಂಡೆವು.

ಈಗ ಬಸವಣ್ಣನ ಭಾವಚಿತ್ರದ ಕೆಳಗೇ ಕೂತು ಸೂತಕ ಎಣಿಸುತ್ತಾರೆ. ಗುಡಿಗೆ ಹೋಗುವಂತಿಲ್ಲ, ಮದುವೆಗೆ ಹೋಗುವಂತಿಲ್ಲ. ಆದರೆ ಬ್ಯಾಂಕಿಗೆ ಹೋಗಬಹುದು, ಎಪಿಎಂಸಿಗೆ ಹೋಗಬಹುದು. ರೊಕ್ಕಕ್ಕೆ ಮೈಲಿಗೆ ತಟ್ಟುವುದಿಲ್ಲ.

ಪಂಚಕದ ಕಥೆಯಂತೂ ಕೇಳಲೇಬೇಡಿ. ಮನುಷ್ಯ ಸತ್ತ ಗಳಿಗೆಯಲ್ಲಿ ನಕ್ಷತ್ರ ಸರಿ ಇಲ್ಲ, ಧನಿಷ್ಠಾ ಪಂಚಕ ಬಿದ್ದಿದೆ, ಮನೆ ಬಿಡಬೇಕು. ಸಾಲ ಮಾಡಿ ಕಟ್ಟಿದ ಮನೆಗೆ ಬೀಗ ಜಡಿದು ತಿಂಗಳುಗಟ್ಟಲೆ ಬಾಡಿಗೆ ಮನೆಯಲ್ಲಿ ಇರುತ್ತಾರೆ. ಅರವತ್ತು ವರ್ಷ ಇವರಿಗಾಗಿ ಎತ್ತಿನಂತೆ ದುಡಿದ ಅಪ್ಪ, ಜೀವ ಹೋದ ಮರುಗಳಿಗೆಗೆ ಮನೆ ನುಂಗುವ ಪಿಶಾಚಿಯಾದ. ಅದೇ ಬಾಯಲ್ಲಿ ‘ನಮ್ಮಪ್ಪ ಕೈಲಾಸವಾಸಿ’. ಕೈಲಾಸದಲ್ಲಿ ಇರುವವನು ಮೊಮ್ಮಕ್ಕಳನ್ನು ಹೆದರಿಸಲು ಈ ಪಡಸಾಲೆಗೆ ಯಾಕೆ ಬರುತ್ತಾನೆ? ಅಲ್ಲಿ ಬೇರೆ ಕೆಲಸವಿಲ್ಲವೇ? ಪಂಚಾಂಗ ನೋಡಿ ಪಂಚಕ ಹೇಳಿದವರೇ ಶಾಂತಿ ಮಾಡಿಸುವ ದರವನ್ನೂ ಹೇಳುತ್ತಾರೆ. ಸಾಮಾನಿನ ಯಾದಿ ಚೀಟಿಯ ಎರಡೂ ಮಗ್ಗುಲಿಗೆ ಬರುತ್ತದೆ.

ಪಿಂಡ ಇಡುವ ಬೇರೆಯವರು ನಗಬೇಕಾಗಿಲ್ಲ. ವೈತರಣಿ ದಾಟಿಸಲು ಹಸು ದಾನ ಮಾಡಬೇಕು ಅಂತ ಶಾಸ್ತ್ರ. ಹಸುವಿನ ಬೆಲೆ ಕೇಳಿ ತೆಂಗಿನಕಾಯಿಗೆ ಇಳಿದವರು ನೀವು. ಕೀವು ರಕ್ತದ ನದಿಯನ್ನು ಹೆತ್ತ ತಂದೆ ತೆಂಗಿನಕಾಯಿ ಹಿಡಿದು ಈಜಬೇಕು. ಬಿಸಿಲಿಗೆ ಕೊಡೆ, ಮುಳ್ಳಿಗೆ ಚಪ್ಪಲಿ ಅಂತ ದಾನ ಕೊಡುತ್ತೀರಿ, ಅದೂ ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದು. ಆ ಕೊಡೆ ಮುಂದಿನ ತಿಥಿಗೆ ಮತ್ತೆ ಅದೇ ಅಂಗಡಿಗೆ ಬಂದಿರುತ್ತದೆ.

ಇದೆಲ್ಲ ಬೇಡ ಅಂದ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳನ್ನು ನೆನೆಸಿಕೊಳ್ಳಿ. ಜೇಬಿಲ್ಲದ ಅಂಗಿಯ ಮನುಷ್ಯ. 2018ರಲ್ಲಿ ಪದ್ಮಶ್ರೀ ಬಂದರೆ ಬೇಡ ಅಂದರು. ತಾವು ಹೋದ ಮೇಲೆ ಏನು ಮಾಡಬೇಕು ಅಂತ 2014ರಲ್ಲೇ ಬರೆದಿಟ್ಟಿದ್ದರು. ಮಣ್ಣು ಮಾಡಬೇಡಿ, ಸುಡಿ. ಶ್ರಾದ್ಧದ ವಿಧಿ ಬೇಕಾಗಿಲ್ಲ. ಬೂದಿಯನ್ನು ನದಿಗೋ ಸಮುದ್ರಕ್ಕೋ ಬಿಡಿ. ಸ್ಮಾರಕ ಕಟ್ಟಬೇಡಿ.

2023ರ ಜನವರಿ 2ರಂದು ಹೋದರು. ಬರೆದಿಟ್ಟಂತೆ ಆಶ್ರಮದವರು ನಡೆದುಕೊಂಡರು, ಅದನ್ನು ಒಪ್ಪಬೇಕು. ಉಳಿದವರ ಮಾತು ಬೇರೆ.

ಅಂದು ವೈಕುಂಠ ಏಕಾದಶಿ. ಸ್ವರ್ಗದ ಬಾಗಿಲು ತೆರೆದಿರುವ ದಿನ ಆರಿಸಿಕೊಂಡರು ಅಂತ ಟಿವಿಗಳು ಕುಣಿದವು. ಬಾಗಿಲ ಗೊಡವೆಯೇ ಬೇಡ ಅಂತ ಬದುಕಿದವರಿಗೆ ಇವರು ಬಾಗಿಲು ತೆಗೆಸಿದರು. ಜೇಬೇ ಇಲ್ಲದವರಿಗೆ ಸರಕಾರ ಸಕಲ ಗೌರವ ಕೊಟ್ಟು ಗುಂಡು ಹಾರಿಸಿತು. ಲಕ್ಷಾಂತರ ಜನ ಹೋದರು, ಅತ್ತರು, ನಮ್ಮ ಕಡೆಯಿಂದಲೂ ಗಾಡಿ ಮಾಡಿಕೊಂಡು ಹೋದರು. ‘ಎಂಥಾ ಮಾತು ಬರದಿಟ್ಟಾರ್ರೀ, ಅದಕ್ಕ ದೇವ್ರು ಅನ್ನೂದು’ ಅಂತ ಕಣ್ಣೊರೆಸಿಕೊಂಡು ತಿರುಗಿ ಬಂದರು. ಬಂದವರು ತಮ್ಮ ತಂದೆಗೆ ಗ್ರಾನೈಟ್ ಸಮಾಧಿ ಕಟ್ಟಿಸಿದರು, ಮೇಲೆ ಸ್ಟೀಲ್ ಕಳಸ ಇಟ್ಟರು. ತಿಥಿಯ ಕಾರ್ಡಿನ ಮೇಲೆ ಆ ಸ್ವಾಮಿಗಳದೇ ಫೋಟೋ ಹಾಕಿಸಿದರು.

ದೇವರು ಅಂತ ಕರೆಯುವುದರಲ್ಲಿ ಇದೊಂದು ಅನುಕೂಲ. ಹೇಳಿದ ಹಾಗೆ ನಡೆಯಬೇಕಾಗಿಲ್ಲ.

ಇನ್ನು ಕೈಲಾಸಕ್ಕೆ ಹೋಗುವ ಆತುರ ಎಷ್ಟಿದೆ ನೋಡೋಣ. ಹುಬ್ಬಳ್ಳಿಯ ಯಾವುದಾದರೂ ದೊಡ್ಡ ಆಸ್ಪತ್ರೆಯ ಐಸಿಯು ಮುಂದೆ ಹೋಗಿ ನಿಲ್ಲಿ. ಒಳಗೆ ತೊಂಬತ್ತರ ಹತ್ತಿರದ ಮುದುಕ. ಕಿಡ್ನಿ ಹೋಗಿದೆ, ಶ್ವಾಸಕೋಶ ಹೋಗಿದೆ. ಗಂಟಲಿಗೆ ನಳಿಗೆ, ಕೈಗಳನ್ನು ಮಂಚಕ್ಕೆ ಕಟ್ಟಿದೆ, ಕಿತ್ತುಕೊಳ್ಳುತ್ತಾನೆ ಅಂತ. ಅವನಿಗೆ ಮಾತು ಬರುವುದಿಲ್ಲ. ಬಂದಿದ್ದರೆ ಏನು ಹೇಳುತ್ತಿದ್ದ ಅಂತ ಎಲ್ಲರಿಗೂ ಗೊತ್ತು.

ಹೊರಗೆ ಮಕ್ಕಳು: ‘ಎಷ್ಟ ರೊಕ್ಕ ಹೋಗ್ಲಿ ಸಾಹೇಬ್ರ.’ ಎರಡು ಎಕರೆ ಹೋಯಿತು. ಇವರೆಲ್ಲ ದಿನಾ ಸಂಜೆ ಭಜನೆಯಲ್ಲಿ ದೇಹ ಸುಳ್ಳು, ಸಂಸಾರ ಸುಳ್ಳು ಅಂತ ಹಾಡುವವರು. ವೆಂಟಿಲೇಟರ್ ಮಾತ್ರ ಖರೆ.

ಕೊನೆಗೆ ಜೀವ ಹೋದ ಮೇಲೋ ಹೋಗುವ ಮೊದಲೋ, ಆಕ್ಸಿಜನ್ ಹಚ್ಚಿ ಆಂಬ್ಯುಲೆನ್ಸಿನಲ್ಲಿ ಊರಿಗೆ ತರುತ್ತಾರೆ. ಮನೆಯ ಮುಂದೆ ಇಳಿಸಿ ಮುಖವಾಡ ತೆಗೆಯುತ್ತಾರೆ. ‘ಮನ್ಯಾಗ ಜೀವ ಬಿಟ್ಟ, ಪುಣ್ಯವಂತ.’

ಇಂಥ ನರಳಾಟ ತಪ್ಪಿಸಲು ಕಾನೂನಿನಲ್ಲಿ ದಾರಿ ಇಲ್ಲದಿಲ್ಲ. ಹೊನ್ನಾವರ ಬದಿಯ ಹಳದೀಪುರದ ಅರುಣಾ ಶಾನಭಾಗ ಮುಂಬೈಯ ಆಸ್ಪತ್ರೆಯಲ್ಲಿ 1973ರಿಂದ 2015ರವರೆಗೆ ಹಾಸಿಗೆಯಲ್ಲೇ ಉಳಿದಳು. ಅವಳ ಮೊಕದ್ದಮೆಯಿಂದ, ಗುಣವಾಗದವರಿಗೆ ಚಿಕಿತ್ಸೆ ನಿಲ್ಲಿಸಬಹುದೇ ಅನ್ನುವ ಮಾತು ಸುಪ್ರೀಂ ಕೋರ್ಟಿನಲ್ಲಿ ಗಟ್ಟಿಯಾಯಿತು. 2018ರಲ್ಲಿ ಘನತೆಯಿಂದ ಸಾಯುವುದು ಹಕ್ಕು ಅಂತ ಕೋರ್ಟು ಹೇಳಿತು, 2023ರಲ್ಲಿ ಅದರ ವಿಧಾನವನ್ನು ಸರಳ ಮಾಡಿತು. 2025ರ ಜನವರಿಯಲ್ಲಿ ಕರ್ನಾಟಕ ಸರಕಾರ ಸುತ್ತೋಲೆಯನ್ನೂ ಹೊರಡಿಸಿತು. ಗುಣವಾಗದ ರೋಗಿಗೆ ಯಂತ್ರ ಹಚ್ಚಬೇಡಿ ಅಂತ ಮೊದಲೇ ಬರೆದಿಡಬಹುದು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಈ ಹಕ್ಕಿಗಾಗಿ ಎರಡು ದಶಕ ಕಚೇರಿಯಿಂದ ಕಚೇರಿಗೆ ಅಲೆದರು.

ಹಾಗೆ ಬರೆದಿಡುವ ಮಾತನ್ನು ನಿಮ್ಮ ಮನೆಯ ಕಟ್ಟೆಯ ಮೇಲೆ ಆಡಿ ನೋಡಿ. ‘ಬಿಟ್ಟ್ ಅನ್ನೋ, ಎಂಥಾ ಅಪಶಕುನದ ಮಾತು!’ ಸಾವಿನ ಹೆಸರು ಎತ್ತುವುದೇ ಅಪಶಕುನ. ಸ್ವರ್ಗ ಅಷ್ಟು ಚಂದದ ಊರಾಗಿದ್ದರೆ ಅಲ್ಲಿಗೆ ಹೋಗುವ ಬಸ್ಸಿನ ಹೆಸರು ಹೇಳಲು ಯಾಕಿಷ್ಟು ಭಯ?

ಕಣ್ಣು ದಾನದ ಮಾತೂ ಇಷ್ಟೇ. ದೇಹ ಬರೀ ಬಟ್ಟೆ, ಆತ್ಮ ಬದಲಾಯಿಸುತ್ತದೆ ಅಂತ ಮಣ್ಣಿಗೆ ಬಂದವರೆಲ್ಲ ಉಪದೇಶ ಮಾಡುತ್ತಾರೆ. ಹಾಗಾದರೆ ಆ ಹಳೆಯ ಬಟ್ಟೆಯ ಎರಡು ಗುಂಡಿ ಕೊಡಿ ಅಂದರೆ, ‘ಮುಂದಿನ ಜನ್ಮದಾಗ ಕುರುಡ ಹುಟ್ತಾನ’. ಹುಳಕ್ಕೆ ಕೊಟ್ಟರೆ ಕುರುಡಾಗುವುದಿಲ್ಲ, ಮನುಷ್ಯನಿಗೆ ಕೊಟ್ಟರೆ ಆಗುತ್ತದೆ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜಕುಮಾರ್ ಹೋದಾಗ ಅವರ ಎರಡು ಕಣ್ಣು ನಾಲ್ಕು ಜನಕ್ಕೆ ದೃಷ್ಟಿ ಕೊಟ್ಟವು. ಅವರ ಕಟೌಟಿಗೆ ನಮ್ಮಲ್ಲಿ ಹಾಲು ಎರೆದದ್ದೇ ಎರೆದದ್ದು. ಬೈಲಹೊಂಗಲದ ವೈದ್ಯ ಬಸವಣ್ಣೆಪ್ಪ ರಾಮಣ್ಣವರ ತಮ್ಮ ದೇಹ ದಾನ ಬರೆದಿಟ್ಟಿದ್ದರು. 2010ರಲ್ಲಿ ಬೆಳಗಾವಿಯ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಮುಂದೆ ಆ ದೇಹವನ್ನು ಛೇದಿಸಿ ಪಾಠ ಮಾಡಿದವರು ಅವರ ಮಗ ಡಾ. ಮಹಾಂತೇಶ ರಾಮಣ್ಣವರ. ಅಪ್ಪನ ಮಾತು ನಡೆಸುವುದು ಅಂದರೆ ಅದು. ನಮ್ಮ ಕಟ್ಟೆಯ ಪಂಡಿತರು ಈ ಸುದ್ದಿ ಕೇಳಿ ಕಿವಿ ಮುಚ್ಚಿಕೊಂಡರು.

ಕೊರೋನಾ ಬಂದಾಗ ಎಲ್ಲರ ನಂಬಿಕೆಗೂ ಒಂದು ಪರೀಕ್ಷೆ ಆಯಿತು. ಪಿಂಡ ಇಡದಿದ್ದರೆ ಪಿತೃಗಳು ಅಂತರಪಿಶಾಚಿ ಆಗುತ್ತಾರೆ ಅನ್ನುವ ನಾಡಿನಲ್ಲಿ, ಸುಟ್ಟ ಹೆಣದ ಅಸ್ಥಿ ಒಯ್ಯಲು ಮಕ್ಕಳು ಬರಲಿಲ್ಲ. ಮನೆಮಂದಿಯೆಲ್ಲ ಹಾಸಿಗೆ ಹಿಡಿದವರ ಮಾತು ಬಿಡಿ, ಅವರನ್ನು ಅನ್ನುವಂತಿಲ್ಲ. ಉಳಿದವರು ಎಲ್ಲಿದ್ದರು? ಬೆಂಗಳೂರಿನ ಚಿತಾಗಾರಗಳಲ್ಲಿ ಮಡಕೆಗಳು ಸಾಲಾಗಿ ಕೂತವು. 2021ರ ಜೂನ್‌ನಲ್ಲಿ ಆಗಿನ ಕಂದಾಯ ಸಚಿವ ಆರ್. ಅಶೋಕ ಅವರು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಗೆ ಹೋಗಿ, ಐನೂರಕ್ಕೂ ಹೆಚ್ಚು ಜನರ ಅಸ್ಥಿಯನ್ನು ಕಾವೇರಿಗೆ ಬಿಟ್ಟರು. ಕಂದಾಯ ಇಲಾಖೆಯೇ ಜ್ಯೇಷ್ಠಪುತ್ರ ಆಯಿತು.

ಅದೇ ತಿಂಗಳು ಕೊರೋನಾದಿಂದ ಸತ್ತವರ ಬಡ ಕುಟುಂಬಗಳಿಗೆ ಒಂದು ಲಕ್ಷ ರೂಪಾಯಿ ಪರಿಹಾರ ಘೋಷಣೆಯಾಯಿತು. ಬಡವರಿಗೆ ಅದು ಬೇಕಾಗಿತ್ತು, ಸಿಗಬೇಕಾಗಿತ್ತು. ಆದರೂ ಹೇಳುತ್ತೇನೆ: ಅಸ್ಥಿಗೆ ಪಾಳಿ ಇರಲಿಲ್ಲ, ಮರಣ ಪ್ರಮಾಣಪತ್ರಕ್ಕೆ ಇತ್ತು.

ಈಗ ಸೂಡಿಗೆ ಬನ್ನಿ. ನಮ್ಮ ಮಗ್ಗುಲಿನ ಊರು. ಜೋಡು ಕಳಸದ ಗುಡಿ, ನಾಗಕುಂಡ, ಚಾಲುಕ್ಯರ ಅಕ್ಕಾದೇವಿಯ ಕಾಲದ ಶಾಸನಗಳು. ಹನ್ನೊಂದನೇ ಶತಮಾನದವರು ಗುಡಿಗೆ, ಮಠಕ್ಕೆ ಭೂಮಿ ಬಿಟ್ಟರೆ ಕಲ್ಲಿನ ಮೇಲೆ ಬರೆಸುತ್ತಿದ್ದರು. ಇಂಥ ದಾನಶಾಸನಗಳ ಕೊನೆಗೆ ಒಂದು ಶಾಪ ಇರುವುದು ವಾಡಿಕೆ. ಈ ಭೂಮಿಯನ್ನು ಕದ್ದವನು ಅರವತ್ತು ಸಾವಿರ ವರ್ಷ ಹೇಲಿನ ಹುಳವಾಗಿ ಹುಟ್ಟುತ್ತಾನೆ. ವಾರಣಾಸಿಯಲ್ಲಿ ಸಾವಿರ ಹಸು ಕೊಂದ ಪಾಪ ತಟ್ಟುತ್ತದೆ.

ಪಾಪ, ಅವರು ನಿಜವಾಗಿ ನಂಬಿದ್ದರು. ಸರ್ವೆ ಇಲಾಖೆ ಇರಲಿಲ್ಲ, ಬೇಲಿ ಇರಲಿಲ್ಲ. ನರಕವೇ ಅವರ ಬೇಲಿ.

ವೀರಗಲ್ಲುಗಳನ್ನೂ ನೋಡಿ, ಈ ಸೀಮೆಯ ಹಳೆಯ ಊರುಗಳಲ್ಲಿ ಬಿದ್ದಿವೆ. ಕೆಳಗೆ ಕಾದಾಟ. ನಡುವೆ ಅಪ್ಸರೆಯರು ಕೈಹಿಡಿದು ಮೇಲಕ್ಕೆ ಒಯ್ಯುತ್ತಾರೆ. ತುದಿಯಲ್ಲಿ ಕೈಲಾಸ, ಶಿವಲಿಂಗದ ಮುಂದೆ ವೀರ ಕೂತಿದ್ದಾನೆ. ಮೂರು ಅಂತಸ್ತು. ತಳದ ಅಂತಸ್ತಿನಲ್ಲಿ ಊರಿನ ದನ ಬಿಡಿಸಲು ಹೋಗಿ ಸತ್ತರೆ ಮಾತ್ರ ಮೇಲಿನ ಅಂತಸ್ತು. ನಾವು ಕೆಳಗಿನದನ್ನು ಕಿತ್ತು ಹಾಕಿ ನೇರ ಮೇಲಕ್ಕೆ ಹತ್ತುತ್ತೇವೆ. ಎಂಥವನೇ ಸತ್ತರೂ ಕೈಲಾಸ ಖಾಯಂ. ಬಡ್ಡಿ ವ್ಯವಹಾರದವನೂ ಕೈಲಾಸವಾಸಿ, ಅವನ ಬಡ್ಡಿ ಕಟ್ಟಲಾರದೆ ಬೆಳೆಗೆ ಹೊಡೆಯುವ ಎಣ್ಣೆ ಕುಡಿದವನೂ ಕೈಲಾಸವಾಸಿ. ಅಲ್ಲಿ ಇಬ್ಬರೂ ಎದುರಾದರೆ ಏನು ಮಾತಾಡಿಕೊಳ್ಳುತ್ತಾರೋ.

ಆ ವೀರಗಲ್ಲಿನ ಮೇಲೆ ಈಗ ಬಟ್ಟೆ ಒಗೆಯುತ್ತಾರೆ.

ಮತ್ತೆ ಆ ಶಾಪದ ಭೂಮಿ? ಗುಡಿಯ ಇನಾಮು ಹೋಯಿತು, ಮಠದ ಹೊಲ ಹೋಯಿತು, ಗೋಮಾಳ ಹೋಯಿತು. ಕೊನೆಗೆ ಉಳಿದದ್ದು ಸುಡುಗಾಡು. ಅದಕ್ಕೂ ಕುಂಟೆ ಬಂತು. ಪ್ರತಿ ಮುಂಗಾರಿಗೆ ಎರಡು ಸಾಲು ಒಳಗೆ, ಪ್ರತಿ ಹಿಂಗಾರಿಗೆ ಮತ್ತೆ ಎರಡು. ಸಮಾಧಿಗಳು ಒಂದೊಂದಾಗಿ ನೇಗಿಲಿಗೆ ಸಿಕ್ಕಿ ಹೊಲ ಆಗುತ್ತವೆ. ದೆವ್ವಕ್ಕೆ ಹೆದರಿ ಮನೆಗೆ ಬೀಗ ಹಾಕುವ ಜನ, ನಡು ಸುಡುಗಾಡಿನಲ್ಲಿ ನೆಮ್ಮದಿಯಿಂದ ಕಡಲೆ ಬಿತ್ತುತ್ತಾರೆ. ಎಕರೆಗೆ ಇಷ್ಟು ಅಂತ ಫಸಲು ಬರುವಾಗ ಯಾವ ದೆವ್ವವೂ ಅಡ್ಡ ಬರುವುದಿಲ್ಲ.

ಸುಡುಗಾಡೇ ಇಲ್ಲದ ಊರುಗಳಿಗೆ ಜಾಗ ಕೊಡಿ ಅಂತ 2019ರಲ್ಲಿ ಹೈಕೋರ್ಟು ಆದೇಶ ಮಾಡಿತು. ಕೊಡಲಿಲ್ಲ ಅಂತ ಮತ್ತೆ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಬೇಕಾಯಿತು. ಹೆಣ ಹೂಳಲು ಮೂರು ಮೊಳ ಜಾಗಕ್ಕೆ ರಾಜ್ಯದ ಉನ್ನತ ನ್ಯಾಯಾಲಯ. ಕೈಲಾಸದಲ್ಲಿ ಜಾಗ ಕೊಡಿಸಲು ಮಾತ್ರ ಊರಿಗೊಬ್ಬ ಏಜೆಂಟು.

ಸುಡುಗಾಡು ಇರುವ ಊರಿನಲ್ಲಾದರೂ ಎಲ್ಲರಿಗೂ ಒಂದೇ ಇದೆಯೇ? ‘ಸತ್ತ ಮ್ಯಾಲೆ ಎಲ್ಲಾರೂ ಒಂದ’ ಅಂತ ಅನ್ನುವವರೇ ಗೇಟಿನ ಮೇಲೆ ಜಾತಿಯ ಹೆಸರು ಕೆತ್ತಿಸಿದ್ದಾರೆ. ಒಳಪಂಗಡಕ್ಕೊಂದು ರುದ್ರಭೂಮಿ. ದಲಿತರ ಹೆಣ ಹೋಗುವ ದಾರಿಗೆ ಯಾರದೋ ಮುಳ್ಳುಬೇಲಿ. ಹಲಗೆ ಬಾರಿಸಲು, ಗುಣಿ ತೋಡಲು ಮಾತ್ರ ಅವರೇ ಬೇಕು.

ಜುಲೈ ಆಗಸ್ಟಿನಲ್ಲಿ ಯಾರಾದರೂ ತೀರಿಕೊಂಡರೆ ನಮ್ಮ ಎರೆಮಣ್ಣಿನ ನಿಜ ಗೊತ್ತಾಗುತ್ತದೆ. ರಸ್ತೆ ಇಲ್ಲ. ಮೊಳಕಾಲಿನವರೆಗೆ ರಾಡಿ. ಹೆಣದ ವಿಮಾನ ಹೊತ್ತವರ ಚಪ್ಪಲಿ ಒಂದೊಂದಾಗಿ ಮಣ್ಣಿನಲ್ಲೇ ಉಳಿಯುತ್ತವೆ. ಕೈಲಾಸಕ್ಕೆ ಹೊರಟ ವಿಮಾನ ನೂರು ಮೀಟರ್ ಹೋಗಲು ನಾಲ್ಕು ಕಡೆ ಇಳಿಯುತ್ತದೆ. ತೋಡಿದ ಗುಣಿಯಲ್ಲಿ ನೀರು ತುಂಬಿಕೊಂಡು, ಒಬ್ಬ ಕೊಡದಿಂದ ಎತ್ತಿ ಹೊರಗೆ ಚೆಲ್ಲುತ್ತಿರುತ್ತಾನೆ. ಈ ದಾರಿಗೆ ಒಂದು ಲೋಡ್ ಗರಸು ಹಾಕಿಸಿ ಅಂತ ಯಾವ ಸಭೆಯಲ್ಲಾದರೂ ಕೇಳಿ ನೋಡಿ, ಬಜೆಟ್ ಇಲ್ಲ ಅನ್ನುತ್ತಾರೆ. ಊರ ಮಹಾದ್ವಾರಕ್ಕೆ ಇದೆ.

ಮಣ್ಣು ಕೊಟ್ಟ ಮೇಲೆ ಅಲ್ಲೇ ನಿಂತು ನುಡಿನಮನ. ಇದೊಂದು ಹೊಸ ಚಟ. ಮೈಕು ಇರುತ್ತದೆ. ಮೊದಲ ಮಾತು ಊರಿನ ಹಿರಿಯರದು, ಅಂದರೆ ಸುಡುಗಾಡಿನ ಅರ್ಧ ಯಾರ ಹೊಲಕ್ಕೆ ಸೇರಿದೆಯೋ ಅವರದು. ಬಿಳಿ ಅಂಗಿ, ವಿಭೂತಿ. ಗದ್ಗದ ಕಂಠ.

‘ಏನ್ ಐತ್ರಿ ಈ ಜೀವನ? ಬರೂ ಮುಂದ ಏನ್ ತಂದೀವಿ, ಹೋಗೂ ಮುಂದ ಏನ್ ಒಯ್ತೀವಿ? ಎಲ್ಲಾ ಇಲ್ಲೇ ಬಿಟ್ಟ ಹೋಗಬೇಕು. ನಂದು ನಂದು ಅಂತೀವಿ. ಯಾವ್ದೂ ನಮ್ದಲ್ಲ.’

ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಗಂಡಸರು ತಲೆಯಾಡಿಸುತ್ತಾರೆ. ಮೈಕಿನವನೂ ಒಮ್ಮೆ ಮೂಗು ಸೀಟಿಕೊಳ್ಳುತ್ತಾನೆ.

ಆಗ ಗುಣಿ ತೋಡಿದವನು ಹತ್ತಿರ ಬಂದು ಮೆಲ್ಲಗೆ ಕೇಳುತ್ತಾನೆ: ‘ಯಜಮಾನ್ರ, ಮೂರನೇ ದಿನಕ್ಕ ಮಂದಿ ನಿಲ್ಲಾಕ ಜಾಗಾ ಸಾಲೂದಿಲ್ರಿ. ಇತ್ತಾಗ ನಿಮ್ಮ ಹೆಸರ ಬೆಳ್ಯಾಗ ಎರಡ ಸಾಲ ಕಿತ್ತರ ನಡೀತೈತೇನ್ರಿ?’

ಹಿರಿಯರು ಮೈಕು ಪಕ್ಕಕ್ಕೆ ಹಿಡಿಯುತ್ತಾರೆ.

‘ಎರಡ ಸಾಲಿಂದ ರೊಕ್ಕ ಯಾರ್ ಕೊಡ್ತಾರಲೇ?’